ಸೌಂಡಿನವನಿಗೆ ಮೊದಲು ದುಡ್ಡು ಕೊಟ್ಟ ಸಹಾಯಾರ್ಥ ಶೋ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ಸಂಜೆ ಕುಕ್ ಟೌನ್ ಕಡೆ ಒಂದು ಶಾಲೆಯ ಸಭಾಂಗಣದಲ್ಲಿ ಹಳೇ ಇಂಗ್ಲಿಷ್ ರಾಕ್ ಹಾಡುಗಳ ಸಹಾಯಾರ್ಥ ಕಾರ್ಯಕ್ರಮ ನಡೆಯಿತು. ಯಾವ ಪತ್ರಿಕೆಯಲ್ಲೂ ಒಂದು ಸಾಲು ಬರಲಿಲ್ಲ, ನಿಮ್ಮದರಲ್ಲೂ. ಅದರ ಬಗ್ಗೆ ದೂರಿಲ್ಲ. ಅಲ್ಲಿ ಬಾಗಿಲಿಗೆ ಅಂಟಿಸಿದ್ದ ಒಂದು ಲೆಕ್ಕದ ಹಾಳೆಯ ಬಗ್ಗೆ ಹೇಳಬೇಕು ಅಂತ ಈ ಪತ್ರ. ಸ್ವಲ್ಪ ಉದ್ದ ಆಗುತ್ತೆ. ಕತ್ತರಿಸಲೇಬೇಕು ಅಂದರೆ ಹಾಡಿನ ಭಾಗ ಕತ್ತರಿಸಿ, ಹಾಳೆಯ ಭಾಗಕ್ಕೆ ಮಾತ್ರ ಕೈ ಹಾಕಬೇಡಿ.

ನಾನು ಹನುಮಂತನಗರದಲ್ಲಿ 31 ವರ್ಷ ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಿದ್ದವನು. ಗಣೇಶ, ಅಣ್ಣಮ್ಮ, ರಾಜ್ಯೋತ್ಸವ, ಮದುವೆ, ಎಲೆಕ್ಷನ್, ಯಾವುದನ್ನೂ ಬಿಟ್ಟಿಲ್ಲ. ಅಪ್ಪನ ವಾಲ್ವ್ ಆಂಪ್ಲಿಫೈಯರ್‌ನಿಂದ ಶುರುಮಾಡಿದೆ. ಅದು ಐದು ನಿಮಿಷ ಕಾದ ಮೇಲೇ ಮಾತಾಡುತ್ತಿತ್ತು. ಆಮೇಲೆ ಎಸ್.ಪಿ. ರೋಡಿನಿಂದ ಕಂತಿನ ಮೇಲೆ ಅಹುಜಾ ಸೆಟ್ ತಂದೆ. ಈಗ ಅಂಗಡಿ ಇಲ್ಲ. ಹಾರ್ನ್ ಸ್ಪೀಕರು ಕಟ್ಟಲು ಮರ ಹತ್ತೋಣ ಅಂದರೆ ಮಂಡಿ ಕೇಳುವುದಿಲ್ಲ. ಹಾರ್ನ್ ಬೇಕು ಅಂತ ಈಗ ಯಾರೂ ಬರುವುದೂ ಇಲ್ಲ ಬಿಡಿ.

ರಾಕ್ ಅಂದರೆ ನಮ್ಮಂಥ ಪೇಟೆ ಕಡೆಯವರಿಗೆ ದಂಡಿನವರ, ಅಂದರೆ ಕಂಟೋನ್ಮೆಂಟ್ ಕಡೆಯವರ ವಿಷಯ. ಪೇಟೆ, ದಂಡು ಎರಡೂ ಸೇರಿ ಒಂದೇ ಕಾರ್ಪೊರೇಷನ್ ಆಗಿದ್ದು 1949ರಲ್ಲಿ. ಹಾಡಿನ ವಿಷಯಕ್ಕೆ ಬಂದರೆ ಕಬ್ಬನ್ ಪಾರ್ಕು ಈಗಲೂ ಗಡಿನೇ. ಆ ಸಂಗೀತದ ಹತ್ತಿರ ನಾನು ಹೋಗಿದ್ದು ಒಂದೇ ಸಲ, 2003ರ ಏಪ್ರಿಲ್‌ನಲ್ಲಿ. ರೋಲಿಂಗ್ ಸ್ಟೋನ್ಸ್ ಅರಮನೆ ಮೈದಾನಕ್ಕೆ ಬಂದಿದ್ದರು. ಟಿಕೆಟ್ ತಗೊಳ್ಳುವ ಯೋಗ್ಯತೆ ಇರಲಿಲ್ಲ. ಹೊರಗೆ ಸ್ಕೂಟರ್ ನಿಲ್ಲಿಸಿಕೊಂಡು, ಮಳೆಯಲ್ಲಿ ನೆನೆಯುತ್ತಾ, ಅವರ ಸ್ಪೀಕರು ಎಷ್ಟು ದೂರ ಹೊಡೆಯುತ್ತೆ ಅಂತ ನೋಡಿ ಬಂದೆ. ಹಾಡು ಯಾವುದು ಅಂತ ಇವತ್ತಿಗೂ ಗೊತ್ತಿಲ್ಲ. ಸೌಂಡ್ ಮಾತ್ರ ಮರೆತಿಲ್ಲ.

ಭಾನುವಾರ ಹೋಗಿದ್ದು ಮೇಷ್ಟ್ರಿಗಾಗಿ. ಮೇಷ್ಟ್ರು ಅಂದರೆ ಡ್ರಮ್ಸ್ ಮೇಷ್ಟ್ರು. ಹೆಸರು ಹಾಕಬೇಡ ಅಂದಿದ್ದಾರೆ, ಹಾಕುವುದಿಲ್ಲ. ನಮ್ಮ ಕಡೆಯ ವಾದ್ಯಗೋಷ್ಠಿಗಳಲ್ಲಿ ಸುಮಾರು 40 ವರ್ಷ ಡ್ರಮ್ಸ್ ಬಾರಿಸಿದವರು. ನವೆಂಬರ್ ಬಂತು ಅಂದರೆ ರಾತ್ರಿಗೊಂದು ಬೀದಿ. ಶನಿವಾರ ಮಾತ್ರ ನಮ್ಮ ಕೈಗೆ ಸಿಗುತ್ತಿರಲಿಲ್ಲ, ಬ್ರಿಗೇಡ್ ರೋಡ್ ಕಡೆ ಹೋಗಿಬಿಡುತ್ತಿದ್ದರು. ಅಲ್ಲೇನು ಮಾಡ್ತೀರಿ ಮೇಷ್ಟ್ರೇ ಅಂತ ಒಮ್ಮೆ ಕೇಳಿದ್ದೆ. "ಅಲ್ಲೂ ಇದೇ ಕಸುಬು ಕಣಯ್ಯ, ಬೇರೆಯವರ ಹಾಡು ಬಾರಿಸೋದು. ಇಲ್ಲಿ ಅಣ್ಣಾವ್ರದು, ಅಲ್ಲಿ ಡೀಪ್ ಪರ್ಪಲ್‌ನೋರದು" ಅಂದಿದ್ದರು.

ಆ ಶನಿವಾರದ ಬ್ಯಾಂಡೇ ಈ ಕಾರ್ಯಕ್ರಮ ಮಾಡಿದ್ದು. ಪಬ್ಬುಗಳಲ್ಲಿ ಹಾಡುವುದಕ್ಕೆ ಪೊಲೀಸ್ ಲೈಸೆನ್ಸ್ ಬೇಕು ಅನ್ನುವ 2005ರ ಆದೇಶವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತಲ್ಲ, ಆಗ ಎಷ್ಟೋ ಕಡೆ ಹಾಡು ನಿಂತುಹೋಯಿತು. ಅದರ ಹಿಂದೆಯೇ ಕೊರೊನಾ ಬಂದು ನಮ್ಮ ವಾದ್ಯಗೋಷ್ಠಿಗಳೂ ನಿಂತವು. ಮೇಷ್ಟ್ರಿಗೆ ಎರಡೂ ಕಡೆ ಕೆಲಸ ಹೋಯಿತು. ಕಿಡ್ನಿ ಕೆಟ್ಟಿದ್ದು ಗೊತ್ತಾಗಿದ್ದು ಅದಾದ ಮೇಲೆ.

ಈಗ ಎರಡು ವರ್ಷದಿಂದ ಡಯಾಲಿಸಿಸ್. ಸೋಮವಾರ, ಬುಧವಾರ, ಶುಕ್ರವಾರ, ಸಲಕ್ಕೆ ನಾಲ್ಕು ಗಂಟೆ. ಬಿಪಿಎಲ್ ಕಾರ್ಡ್ ಇದೆ, ಸರ್ಕಾರಿ ಆಸ್ಪತ್ರೆಯಲ್ಲಿ ಮಷೀನಿಗೆ ದುಡ್ಡು ಕೊಡಬೇಕಾಗಿಲ್ಲ. ಹಾಗಾದರೆ ಸಹಾಯ ಯಾಕೆ ಅಂತ ನಾನೂ ಕೇಳಿದ್ದೆ. ವರ್ಷಕ್ಕೆ 156 ಸಲ ಹೋಗಬೇಕು. ಹೋಗಿ ಬರೋದು ಸೇರಿ 312 ಆಟೊ. ಡಯಾಲಿಸಿಸ್ ಮುಗಿಸಿದ ಮನುಷ್ಯ ಬಸ್ಸಿನಲ್ಲಿ ನಿಂತು ಬರೋಕಾಗಲ್ಲ. ರಕ್ತ ಕಡಿಮೆಯಾದಾಗ ಕೊಡುವ ಇಂಜೆಕ್ಷನ್ ಸ್ಟಾಕ್ ಇಲ್ಲ ಅಂದ ದಿನ ಹೊರಗೆ ತರಬೇಕು. ಜೊತೆಗೆ ಹೋಗುವ ಮಗಳು ವಾರಕ್ಕೆ ಮೂರು ದಿನ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗೋಕಾಗಲ್ಲ. ಅವಳ ಸಂಬಳ ಯಾವ ಯೋಜನೆಯಲ್ಲೂ ಬರುವುದಿಲ್ಲ.

ಅವರ ಎಡಗೈಯಲ್ಲಿ ಫಿಸ್ಟುಲಾ ಮಾಡಿದ್ದಾರೆ. ಸೂಜಿ ಚುಚ್ಚಲು ರಕ್ತನಾಳ ದಪ್ಪ ಆಗಬೇಕಂತೆ, ಅದಕ್ಕೆ ಎರಡು ನಾಳ ಸೇರಿಸಿ ಹೊಲಿಯುತ್ತಾರೆ. ಮೊಣಕೈ ಹತ್ತಿರ ಹಗ್ಗದ ಹಾಗೆ ಉಬ್ಬಿಕೊಂಡಿದೆ. ಹೋದ ತಿಂಗಳು ನೋಡಲು ಹೋದಾಗ ನನ್ನ ಬೆರಳು ಹಿಡಿದು ಅದರ ಮೇಲೆ ಇಟ್ಟುಕೊಂಡರು. ಒಳಗೆ ಜುಂ ಅಂತ ನಡುಗುತ್ತಿತ್ತು, ಸ್ಪೀಕರಿನ ಕೋನಿಗೆ ಕೈ ಇಟ್ಟ ಹಾಗೆ. "ಸ್ನೇರ್ ರೋಲ್ ಥರ ಇಲ್ವಾ? ಇದು ನಿಂತರೆ ಆಸ್ಪತ್ರೆಗೆ ಓಡಬೇಕು" ಅಂದರು. ಸ್ನೇರ್ ಅನ್ನುವ ಚಿಕ್ಕ ಡ್ರಮ್ಮಿನ ಮೇಲೆ ಎರಡೂ ಕೋಲಿನಲ್ಲಿ ಬಿಡದೆ ಬಾರಿಸೋದು ಸ್ನೇರ್ ರೋಲ್. ಆ ಕೈಯಲ್ಲಿ ಬಿಪಿ ನೋಡೋ ಹಾಗಿಲ್ಲ, ಭಾರ ಎತ್ತೋ ಹಾಗಿಲ್ಲ. ಸ್ನೇರ್ ಬಾರಿಸುತ್ತಿದ್ದ ಕೈ ಅದೇ.

ಟಿಕೆಟ್ 400 ರೂಪಾಯಿ. ಕೊಂಡೆ, ಆದರೆ ಮನಸ್ಸಿನಲ್ಲಿ ಹುಳಿ ಇತ್ತು. "ಸಹಾಯಾರ್ಥ" ಅನ್ನುವ ಪದ ಕಂಡರೆ ನನಗೆ ಆಗುವುದೇ ಇಲ್ಲ. ಕಂಪನಿ ನಾಟಕದ ಕಾಲದಿಂದಲೂ ನಮ್ಮಲ್ಲಿ ಬೆನಿಫಿಟ್ ಶೋ ಇದೆ. ಶಾಲೆ ಕಟ್ಟೋಕೆ, ಕಾಯಿಲೆ ಬಿದ್ದ ನಟನಿಗೆ ಅಂತ ಒಂದು ರಾತ್ರಿಯ ಕಲೆಕ್ಷನ್ ಬಿಟ್ಟುಕೊಡುತ್ತಿದ್ದರು. ಬಿಟ್ಟುಕೊಡುತ್ತಿದ್ದವರು ನಾಟಕದವರೇ. ನನ್ನ ಕಾಲಕ್ಕೆ ಅದು ತಿರುಗಾಮುರುಗಾ ಆಗಿತ್ತು.

1994ರಲ್ಲಿ ಒಂದು ಸಂಘದವರು ಬಂದರು. ಯಾವ ಸಂಘ, ಯಾವ ಬಡಾವಣೆ ಅಂತ ಈಗ ಬೇಡ. ಬಡ ಮಕ್ಕಳ ಪುಸ್ತಕಕ್ಕೆ ರಸಮಂಜರಿ ಅಂದರು. ಎಂಟು ಹಾರ್ನ್, ಎರಡು ಆಂಪ್ಲಿಫೈಯರ್, ಆರು ಮೈಕು, ಇಬ್ಬರು ಹುಡುಗರು. ಬೆಳಗಿನ ಜಾವ ಮೂರರವರೆಗೆ ನಡೆಯಿತು. ರಾತ್ರಿ 10 ಗಂಟೆಗೆ ಮೈಕ್ ನಿಲ್ಲಿಸಬೇಕು ಅನ್ನುವ ನಿಯಮ ಆಗ ಇನ್ನೂ ಬಂದಿರಲಿಲ್ಲ, ಅದು ಬಂದಿದ್ದು 2000ದಲ್ಲಿ. ಮುಗಿದ ಮೇಲೆ ಖಜಾಂಚಿ ನನ್ನನ್ನು ವೇದಿಕೆಗೆ ಕರೆದರು. ಶಾಲು ಹೊದಿಸಿದರು, ಹಣ್ಣಿನ ತಟ್ಟೆ ಕೊಟ್ಟರು, ಜನ ಚಪ್ಪಾಳೆ ಹೊಡೆದರು. ಕೆಳಗಿಳಿದು ಬಾಡಿಗೆ ಕೇಳಿದೆ. "ಒಳ್ಳೇ ಕೆಲಸ ಅಲ್ವಾ ಸ್ವಾಮಿ, ನೀವೂ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಅಂದರು. ನಾನು ಅಡ್ಜಸ್ಟ್ ಮಾಡಿಕೊಳ್ಳಬಹುದು, ಸರಿ. ಆ ಇಬ್ಬರು ಹುಡುಗರು? ಅವರ ಕೂಲಿ ಯಾರು ಕೊಡಬೇಕು? ವೈರು ಸುತ್ತುತ್ತಾ ಇಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು.

ಅವತ್ತು ಡ್ರಮ್ಸ್ ಬಾರಿಸಿದವರು ಇದೇ ಮೇಷ್ಟ್ರು. ಅವರಿಗೆ ಸಿಕ್ಕಿದ್ದು 150 ರೂಪಾಯಿ. ಡ್ರಮ್ಸ್‌ನ ಸಿಂಬಲ್ ತಟ್ಟೆಗಳನ್ನು ಚೀಲಕ್ಕೆ ಹಾಕುತ್ತಾ ಹಾಕುತ್ತಾ ಹುಡುಗರಿಗೆ ಐವತ್ತೈವತ್ತು ಕೈಗಿಟ್ಟರು. ನನಗೆ ಒಂದು ಮಾತೂ ಹೇಳಲಿಲ್ಲ. ಹುಡುಗರೇ ಮಾರನೇ ದಿನ ಹೇಳಿದ್ದು. ಆ ಶಾಲು ನಮ್ಮ ಮನೆಯಲ್ಲಿ ಇನ್ನೂ ಇದೆ, ಇಸ್ತ್ರಿ ಮಾಡುವಾಗ ಮೇಜಿನ ಮೇಲೆ ಹಾಸುತ್ತೇವೆ.

ಇಷ್ಟು ತಲೆಯಲ್ಲಿ ಇಟ್ಟುಕೊಂಡೇ ನ್ಯಾಷನಲ್ ಕಾಲೇಜ್ ಹತ್ತಿರ ಮೆಟ್ರೊ ಹತ್ತಿದೆ. ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ ಹಲಸೂರಿನಲ್ಲಿ ಇಳಿದು, ಅಲ್ಲಿಂದ ಆಟೊ. ಆರೂವರೆಗೆ ಶೋ, ಐದಕ್ಕೇ ಹೋಗಿಬಿಟ್ಟೆ. ಅಭ್ಯಾಸ.

ಸಭಾಂಗಣಕ್ಕೆ ಕಾಲಿಡುತ್ತಿದ್ದ ಹಾಗೆ ಕೇಳಿಸಿತು: ಗುಂ. ಸ್ಪೀಕರಿನಲ್ಲಿ ಒಂದೇ ಸಮನೆ ಗುಂ ಅನ್ನುತ್ತಿತ್ತು. ಸೌಂಡಿನ ಹುಡುಗ, ಇಪ್ಪತ್ತೈದು ಇರಬಹುದು, ಮೂರು ಕೇಬಲ್ ಬದಲಾಯಿಸಿ ಬೆವರುತ್ತಿದ್ದ. ಕೊನೆಗೆ ಸ್ಕ್ರೂಡ್ರೈವರ್ ತೆಗೆದು ಪ್ಲಗ್ಗಿನ ಅರ್ತ್ ಪಿನ್ ಕಳಚಲು ಹೊರಟ. ಆಗ ಬಾಯಿ ಬಿಟ್ಟೆ. ಅರ್ತ್ ಕಿತ್ತರೆ ಗುಂ ಹೋಗುತ್ತೆ, ನಿಜ. ಆಮೇಲೆ ಎಲ್ಲಾದರೂ ಕರೆಂಟ್ ಸೋರಿದರೆ, ಗಿಟಾರ್ ಹಿಡಿದುಕೊಂಡೇ ಮೈಕಿಗೆ ತುಟಿ ಇಟ್ಟವನಿಗೆ ಹೊಡೆಯುತ್ತೆ. ನೋಡಿದರೆ ಸೌಂಡ್ ಮಿಕ್ಸರಿಗೆ ಕರೆಂಟು ಹಾಲಿನ ಹಿಂದಿನ ಗೋಡೆಯಿಂದ ಬಂದಿತ್ತು, ಬಾಸ್ ಆಂಪ್ಲಿಫೈಯರಿಗೆ ವೇದಿಕೆ ಪಕ್ಕದ ಗೋಡೆಯಿಂದ. ಎರಡು ಕಡೆ ಅರ್ತು, ನಡುವೆ ಒಂದು ಕೇಬಲ್. ಹೀಗೆ ಸುತ್ತು ಪೂರ್ತಿಯಾದರೆ 50 ಸೈಕಲ್ಲಿನ ಕರೆಂಟು ಸ್ಪೀಕರಿನಲ್ಲಿ ಗೊಣಗುತ್ತೆ. ಎರಡಕ್ಕೂ ಒಂದೇ ಬೋರ್ಡಿನಿಂದ ಎಳೆ ಅಂದೆ. ಉದ್ದನೆ ಎಕ್ಸ್‌ಟೆನ್ಷನ್ ಬಾಕ್ಸ್ ಎಳೆದ. ನಿಂತಿತು. "ಅಂಕಲ್, ನೀವು ಇಂಜಿನಿಯರಾ?" ಅಂತ ಕೇಳಿದ. ಮೈಕ್‌ಸೆಟ್‌ನವನು ಕಣಪ್ಪ ಅಂದೆ. ಆಮೇಲೆ ಮೆಲ್ಲಗೆ, ನಿನಗೆ ಇವತ್ತು ದುಡ್ಡು ಕೊಡ್ತಾರಾ ಅಂತ ಕೇಳಿದೆ. "ಬೆಳಗ್ಗೆ ಲೋಡ್ ಇಳಿಸುವಾಗಲೇ ಕೊಟ್ಟಾಯ್ತಲ್ಲ" ಅಂದ. ನಾನು ನಂಬಲಿಲ್ಲ.

ಬ್ಯಾಂಡಿನಲ್ಲಿ ಐದು ಜನ. ಗಿಟಾರಿನವರು ಹಲ್ಲಿನ ಡಾಕ್ಟರು. ಹಾಡುವವರು ಬ್ಯಾಂಕಿನಿಂದ ನಿವೃತ್ತರು, ಬೋಳು ತಲೆ, ಹೊಟ್ಟೆಗೆ ಬಿಗಿಯಾದ ಕಪ್ಪು ಟೀ ಶರ್ಟು. ಕೀಬೋರ್ಡಿನವರು ಸ್ಕೂಲ್ ಮೇಷ್ಟ್ರು. ಬಾಸ್ ಗಿಟಾರಿಗೆ ಒಬ್ಬಳು ಹುಡುಗಿ. ಡ್ರಮ್ಸ್‌ಗೆ ನಮ್ಮ ಮೇಷ್ಟ್ರ ಶಿಷ್ಯ. ಕವರ್ ಬ್ಯಾಂಡ್ ಅನ್ನುತ್ತಾರಂತೆ ಇವರನ್ನು. ಸ್ವಂತ ಹಾಡಿಲ್ಲ ಅಂತ ಮೂಗು ಮುರಿಯುವವರೂ ಇದ್ದಾರಂತೆ. ನಮ್ಮ ವಾದ್ಯಗೋಷ್ಠಿಯವರ ಬಗ್ಗೆಯೂ ಇದೇ ಮಾತು ಕೇಳಿದ್ದೇನೆ. ಅಲ್ಲ ಸ್ವಾಮಿ, ಕ್ಯಾಸೆಟ್ಟಿನಲ್ಲಿ ಇದ್ದ ಕೊಳಲಿನ ತುಣುಕು ಒಂದು ಸ್ವರ ಆಚೀಚೆ ಆದರೆ ಬೀದಿ ಜನ ಬಿಡುತ್ತಿದ್ದರಾ? ಇಲ್ಲೂ ಹಾಗೇ. ಡಾಕ್ಟರು ಗಿಟಾರಿನ ಒಂದು ಎಳೆತ ತಪ್ಪಿಸಿದಾಗ ಮೂರನೇ ಸಾಲಿನಿಂದ ಒಬ್ಬರು "ಅಯ್ಯೋ" ಅಂದಿದ್ದು ನನಗೇ ಕೇಳಿಸಿತು.

ಮೊದಲ ಅರ್ಧ ಗಂಟೆ ನನಗೆ ಹಿಡಿಸಲಿಲ್ಲ. ಸೌಂಡ್ ಜಾಸ್ತಿ, ಮಾತೆಲ್ಲ ಇಂಗ್ಲಿಷು. ಕನ್ನಡ ವಾದ್ಯಗೋಷ್ಠಿಯ ಮನುಷ್ಯನಿಗಾಗಿ ಸೇರಿದ ಸಭೆಯಲ್ಲಿ ಕನ್ನಡದಲ್ಲಿ ನಾಲ್ಕು ಮಾತು ಆಡಬಹುದಿತ್ತು. ಹಿಂದಿನಿಂದ ಯಾರೋ "ಅಣ್ಣಾವ್ರ ಹಾಡು ಒಂದು ಹಾಕ್ರಪ್ಪ" ಅಂತ ಕೂಗಿದರು. ಕೀಬೋರ್ಡ್ ಮೇಷ್ಟ್ರು ತಕ್ಷಣ ಒಂದು ಹಾಡಿನ ಪೀಠಿಕೆ ಎತ್ತಿಕೊಂಡರು. ಹಾಡುವವರಿಗೆ ಸಾಹಿತ್ಯ ಬರಲಿಲ್ಲ, ಮೈಕನ್ನು ಜನರ ಕಡೆ ತಿರುಗಿಸಿಬಿಟ್ಟರು. ಪಲ್ಲವಿ ಪೂರ್ತಿ ಹಾಲೇ ಹಾಡಿತು. ಅಲ್ಲಿಂದ ನಾನೂ ಸ್ವಲ್ಪ ಸಡಿಲವಾದೆ.

ಆಮೇಲೆ ಪಿಂಕ್ ಫ್ಲಾಯ್ಡ್‌ನವರ 1973ರ ಒಂದು ಹಾಡು, ದುಡ್ಡಿನ ಮೇಲೇ ಇರುವ ಹಾಡು. ರೆಕಾರ್ಡಿನಲ್ಲಿ ಅದು ನಾಣ್ಯ ಬೀಳುವ ಸದ್ದಿನಿಂದ ಶುರುವಾಗುತ್ತದಂತೆ. ಇವರು ಏನು ಮಾಡಿದರು ಗೊತ್ತಾ? ಬಾಗಿಲ ಬಳಿ ಇಟ್ಟಿದ್ದ ಕಾಣಿಕೆ ಡಬ್ಬಿಯನ್ನೇ ತರಿಸಿದರು. ಬಾಸ್ ಹುಡುಗಿ ಅದನ್ನು ಮೈಕಿನ ಮುಂದೆ ಹಿಡಿದು ತಾಳಕ್ಕೆ ಸರಿಯಾಗಿ ಕುಲುಕಿದಳು. ಸ್ಟೀಲ್ ಡಬ್ಬಿ, ಒಳಗೆ ಚಿಲ್ಲರೆ. ಜಲ್, ಜಲ್. ನನ್ನ ಪಕ್ಕದಲ್ಲಿ ಅವಳ ಅಜ್ಜಿ, ಮಲ್ಲೇಶ್ವರದವರು, ರೇಷ್ಮೆ ಸೀರೆ ಉಟ್ಟು ಬಂದಿದ್ದರು. ತೊಡೆ ಮೇಲೆ ತಾಳ ಹಾಕುತ್ತಾ ನನ್ನ ಕಡೆ ಬಗ್ಗಿ "ಏಳು ಎಣಿಕೆ ನೋಡಿ. ಮಿಶ್ರ ಛಾಪು ಇದು" ಅಂದರು. ಎಣಿಸಿದೆ. ಹೌದು, ಏಳೇ. ಗಿಟಾರು ಒಂಟಿಯಾಗಿ ಹೊರಟಾಗ ಅವರ ಕೈ ಒಂದು ಕ್ಷಣ ತಡೆಯಿತು. "ಈಗ ನಾಲ್ಕಕ್ಕೆ ಬಂತು" ಅಂದು ಬೇರೆ ತಾಳ ಹಿಡಿದರು. ಮೊಮ್ಮಗಳು ಇಂಥ ಸಂಗೀತ ಬಾರಿಸೋದು ನಿಮಗೆ ಇಷ್ಟಾನಾ ಅಂತ ಕೇಳಿದೆ. "ಇಷ್ಟ ಇಲ್ಲ. ಲಯ ಸರಿಯಾಗಿದೆ, ಸದ್ಯ" ಅಂದರು.

ನಡುವೆ ಹಾಡುವವರು 1971ರ ಆಗಸ್ಟ್ 1ರ ಕಥೆ ಹೇಳಿದರು. ಬಾಂಗ್ಲಾದೇಶದ ನಿರಾಶ್ರಿತರಿಗೆ ಏನಾದರೂ ಮಾಡಬೇಕು ಅಂತ ರವಿಶಂಕರ್ ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್ ಹತ್ತಿರ ಹೇಳಿಕೊಂಡಿದ್ದು, ನ್ಯೂಯಾರ್ಕಿನಲ್ಲಿ ಒಂದೇ ದಿನ ಎರಡು ಶೋ ಮಾಡಿದ್ದು. ಸಿತಾರ್ ಶ್ರುತಿ ಮಾಡಿದ್ದನ್ನೇ ಕಛೇರಿ ಅಂದುಕೊಂಡು ಜನ ಚಪ್ಪಾಳೆ ತಟ್ಟಿದರಂತೆ. ಎಲ್ಲರೂ ನಕ್ಕರು. ನನ್ನ ಕಿವಿ ನೆಟ್ಟಗಾಗಿದ್ದು ಮುಂದಿನ ಮಾತಿಗೆ. ಗೇಟಿನ ಕಲೆಕ್ಷನ್ ಏನೋ ಯುನಿಸೆಫ್‌ಗೆ ಹೋಯಿತು. ಆದರೆ ರೆಕಾರ್ಡು, ಸಿನಿಮಾದಿಂದ ಬಂದ ಹಣ ಅಮೆರಿಕದ ತೆರಿಗೆ ಇಲಾಖೆಯಲ್ಲಿ ವರ್ಷಗಟ್ಟಲೆ ಸಿಕ್ಕಿಹಾಕಿಕೊಂಡಿತು. ಇದು ದಾನದ ಕಾರ್ಯಕ್ರಮ ಅಂತ ಮುಂಚೆಯೇ ಕಾಗದಪತ್ರ ಮಾಡಿಸಿರಲಿಲ್ಲವಂತೆ. "ಅಷ್ಟು ದೊಡ್ಡವರೇ ಲೆಕ್ಕದಲ್ಲಿ ಎಡವಿದರು. ಅದಕ್ಕೆ ನಾವು ಇವತ್ತು ಹಾಡಿಗಿಂತ ಲೆಕ್ಕ ಜಾಸ್ತಿ ಪ್ರಾಕ್ಟೀಸ್ ಮಾಡಿದ್ದೀವಿ" ಅಂದರು. ಈ ಒಂದು ಮಾತು ಮಾತ್ರ ಕನ್ನಡದಲ್ಲಿ.

ಕೊನೆಗೆ ಮೇಷ್ಟ್ರನ್ನು ವೇದಿಕೆಗೆ ಕರೆದುಕೊಂಡು ಹೋದರು. ತುಂಬಾ ಇಳಿದುಹೋಗಿದ್ದಾರೆ. ಶರ್ಟಿನ ಎಡ ತೋಳಿನ ಗುಂಡಿ ಹಾಕಿರಲಿಲ್ಲ. ಭಾಷಣ ಮಾಡಲಿಲ್ಲ, ಡ್ರಮ್ಸ್ ಹತ್ತಿರ ಹೋದರು. ಶಿಷ್ಯ ಎದ್ದು ಜಾಗ ಬಿಡಲು ಹೋದರೆ ಬೇಡ ಅಂತ ಭುಜ ಒತ್ತಿ ಕೂರಿಸಿದರು. ಇನ್ನೊಂದು ಸ್ಟೂಲು ತರಿಸಿ ಅವನ ಬಲಕ್ಕೆ ಅಂಟಿಕೊಂಡು ಕೂತರು. ನಿಧಾನದ ಒಂದು ಬ್ಲೂಸ್ ಹಾಡು. ಬಲಗೈ ಮೇಷ್ಟ್ರದು, ಸಿಂಬಲ್ ಮೇಲೆ. ಎಡಗೈ, ಎರಡೂ ಕಾಲು ಹುಡುಗನದು. ನಾಲ್ಕೈದು ನಿಮಿಷ ಆಗಿರಬಹುದು. ಮೊದಮೊದಲು ಹುಡುಗ ಒಂದು ಕೂದಲಷ್ಟು ಮುಂದೆ ಓಡುತ್ತಿದ್ದ. ಮೇಷ್ಟ್ರು ಅವನ ಕಡೆ ನೋಡಲೂ ಇಲ್ಲ, ಕೋಲಿನ ತುದಿಯಲ್ಲಿ ಸಿಂಬಲ್ಲನ್ನು ಸ್ವಲ್ಪ ಗಟ್ಟಿಯಾಗಿ ತಟ್ಟಿದರು. ಅವನು ಹಿಂದಕ್ಕೆ ಬಂದ. ರಾತ್ರಿ ಎರಡು ಗಂಟೆಗೆ ನಿದ್ದೆಗಣ್ಣಿನ ಗಾಯಕರನ್ನು ಹೀಗೇ ದಾರಿಗೆ ತರುತ್ತಿದ್ದರು.

ಒಂಬತ್ತಕ್ಕೆ ಮುಗಿಯಿತು. ಜನ ಹೊರಗೆ ಸಮೋಸ ತಿನ್ನುತ್ತಿದ್ದರು. ವೇದಿಕೆಯ ಅಂಚಿನಲ್ಲಿ ನಾಲ್ಕು ಜನ ಕೂತು ಡಬ್ಬಿ ಸುರಿದು ಎಣಿಸಿದರು. ಒಬ್ಬರು ಎಣಿಸೋದು, ಇನ್ನೊಬ್ಬರು ಮತ್ತೆ ಎಣಿಸೋದು. ಮುಕ್ಕಾಲು ಗಂಟೆಯಲ್ಲಿ ಬಾಗಿಲಿಗೆ ಒಂದು ಹಾಳೆ ಬಂತು, ಸ್ಕೆಚ್ ಪೆನ್ನಿನಲ್ಲಿ ಬರೆದದ್ದು. ಟಿಕೆಟ್ 286, ತಲಾ 400ರಂತೆ 1,14,400. ಡಬ್ಬಿ 38,750. ಫೋನಿನಲ್ಲಿ ಸ್ಕ್ಯಾನ್ ಮಾಡಿ ಹಾಕಿದ್ದು 52,500. ಸಮೋಸ, ಕಾಫಿ 9,600. ಖರ್ಚಿನ ಕಡೆ ಮೊದಲ ಸಾಲು: ಸೌಂಡ್ 24,000, ಬೆಳಗ್ಗೆ ಪಾವತಿ. ಕೆಳಗೆ ಆ ಹುಡುಗನ ಸಹಿ. ಎರಡನೇ ಸಾಲು: ಹಾಲಿನ ಕರೆಂಟು, ಗುಡಿಸುವ ಇಬ್ಬರಿಗೆ, ವಾಚ್‌ಮನ್‌ಗೆ, ಎಲ್ಲ ಸೇರಿ 7,500. ಟೆಂಪೊ 3,800. ಬೇರೆಯವರ ಹಾಡು ಟಿಕೆಟ್ ಇಟ್ಟು ಹಾಡಿದ್ದಕ್ಕೆ ಕಟ್ಟುವ ಹಕ್ಕಿನ ಶುಲ್ಕ, ಅದೂ ಇತ್ತು, ರಸೀದಿ ನಂಬರ್ ಸಮೇತ. ಬ್ಯಾಂಡಿನವರ ಸಂಭಾವನೆ: 0. ಬ್ಯಾಂಡಿನವರು ತಿಂದ ಸಮೋಸ: ಅವರವರದೇ ದುಡ್ಡು. ಎಲ್ಲ ಕಳೆದು ಉಳಿದದ್ದು ಮೇಷ್ಟ್ರ ಮಗಳ ಖಾತೆಗೆ ಮಂಗಳವಾರ ಹೋಗುತ್ತೆ ಅಂತ ಕೊನೆಯ ಸಾಲಿನಲ್ಲಿ ಬರೆದಿದ್ದರು. ಹೋಗಿದೆ, ನಾನೇ ಕೇಳಿದೆ.

31 ವರ್ಷದಲ್ಲಿ ಸೌಂಡಿನವನ ದುಡ್ಡು ಮೊದಲ ಸಾಲಿನಲ್ಲಿ ಬರೆದಿದ್ದನ್ನು ನಾನು ನೋಡಿದ್ದು ಇದೇ ಮೊದಲು. ಬಿಟ್ಟುಕೊಟ್ಟಿದ್ದು ಬ್ಯಾಂಡಿನವರು. ಅದು ಅವರ ಇಷ್ಟ, ಅವರಿಗೆ ಬೇರೆ ಸಂಬಳ, ಪಿಂಚಣಿ ಇದೆ. ದಿನದ ಕೂಲಿಯವನ ಹತ್ತಿರ ಕೇಳದೇ ದಾನ ಕಿತ್ತುಕೊಳ್ಳಲಿಲ್ಲ ನೋಡಿ, ಅದು ನನಗೆ ಹಿಡಿಸಿತು.

ನಿಮ್ಮಿಂದ ಒಂದು ಸಹಾಯ ಬೇಕು ಸಂಪಾದಕರೇ. "ಇಂದಿನ ಕಾರ್ಯಕ್ರಮ" ಅಂತ ಹಾಕುವಾಗ ಯಾರಾದರೂ ಸಹಾಯಾರ್ಥ ಅಂತ ಬರೆದುಕೊಟ್ಟರೆ, ವಾರ ಬಿಟ್ಟು ಲೆಕ್ಕ ಕಳಿಸಿ ಅಂತ ಅವರಿಗೆ ಹೇಳಿ. ಕಳಿಸಿದವರದ್ದನ್ನು ಎರಡೇ ಸಾಲಿನಲ್ಲಿ ಹಾಕಿ: ಬಂದದ್ದು ಇಷ್ಟು, ತಲುಪಿದ್ದು ಇಷ್ಟು. ಕಳಿಸದವರ ಹೆಸರು ಹಾಕೋದು ಬೇಡ. ಜನಕ್ಕೆ ತಾನೇ ಗೊತ್ತಾಗುತ್ತೆ. ಗಣೇಶ ಹಬ್ಬ, ರಾಜ್ಯೋತ್ಸವ ಮಾಡುವ ನಮ್ಮ ಸಂಘಗಳಿಗೂ ಇದನ್ನೇ ಹೇಳುತ್ತಿದ್ದೇನೆ. ಪೆಂಡಾಲಿನ ಕಂಬಕ್ಕೆ ಒಂದು ಹಾಳೆ ಅಂಟಿಸಲು ಎಷ್ಟು ಹೊತ್ತು ಬೇಕು? ಸ್ಕೆಚ್ ಪೆನ್ನು ಬೇಕಾದರೆ ನಾನು ಕೊಡಿಸುತ್ತೇನೆ.

ಹಾಳೆಯ ಫೋಟೊ ಇದರ ಜೊತೆ ಇಟ್ಟಿದ್ದೇನೆ. ಡಬ್ಬಿಯ ಸಾಲಿನ ಪಕ್ಕದಲ್ಲಿ ಸಣ್ಣದಾಗಿ "ಹರಿದ ನೋಟು 1, ರೂ. 50, ಬದಲಾಯಿಸಬೇಕು" ಅಂತ ಬರೆದಿರೋದು ಕಾಣಬಹುದು. ಆ ನೋಟು ಈಗ ನನ್ನ ಹತ್ತಿರ ಇದೆ. ಅದರ ಬದಲು ಒಳ್ಳೇದು ಕೊಟ್ಟು ಬಂದೆ. ನಾಳೆ ಬ್ಯಾಂಕಿಗೆ ಹೋಗಬೇಕು.

ಇತಿ,
ಹಳೇ ಮೈಕ್‌ಸೆಟ್‌ನವನು
ಹನುಮಂತನಗರ, ಬೆಂಗಳೂರು